ಇದನ್ನು ಕಳಿಸಿದ್ದು ಮನುಷ್ಯರಾ, ಯಂತ್ರವಾ?

ನಾನು ಆಪ್‌ಗಳಿಗೆ ನೋಟಿಫಿಕೇಶನ್ ಬರೆಯುವ ಕೆಲಸದಲ್ಲಿದ್ದೇನೆ. "ಎಲ್ಲಿ ಹೋದ್ರಿ? ನಿಮ್ಮನ್ನ ನೋಡಿ ತುಂಬಾ ದಿನ ಆಯ್ತು" ಅಂತ ಒಂದು ಸಾಲು ನಿಮ್ಮ ಫೋನಿನ ಮೇಲೆ ಮೂಡುತ್ತದಲ್ಲ, ಅಂಥದ್ದನ್ನು ಬರೆಯುವವಳು. ನಿಜಕ್ಕೂ ಯಾರೂ ನಿಮ್ಮನ್ನು ನೆನೆಸಿಕೊಂಡಿರುವುದಿಲ್ಲ. ನೀವು ಆಪ್ ತೆರೆದು ಇಷ್ಟು ದಿನ ಆಯಿತು ಅಂತ ಯಾವುದೋ ಸರ್ವರ್ ಲೆಕ್ಕ ಹಾಕಿರುತ್ತದೆ, ನನ್ನ ಸಾಲನ್ನು ನಿಮಗೆ ತಳ್ಳಿರುತ್ತದೆ. ಅಷ್ಟೇ.

ಈ ಕೆಲಸದಲ್ಲಿ ಎರಡೆರಡು ಸಾಲು ಬರೆದುಕೊಡಬೇಕು. ಅರ್ಧ ಜನಕ್ಕೆ ಒಂದು ಹೋಗುತ್ತದೆ, ಇನ್ನರ್ಧಕ್ಕೆ ಇನ್ನೊಂದು. ಯಾವುದನ್ನು ಜಾಸ್ತಿ ಜನ ಒತ್ತುತ್ತಾರೋ ಅದು ಉಳಿಯುತ್ತದೆ. ಎ/ಬಿ ಟೆಸ್ಟ್ ಅಂತಾರೆ. ನಾನು ನೋಡಿದ ಮಟ್ಟಿಗೆ, "ಹೊಸ ಆಫರ್ ಲಭ್ಯವಿದೆ" ಅನ್ನುವಂಥದ್ದು ಸೋಲುತ್ತದೆ. "ನಿಮಗೋಸ್ಕರ ಒಂದು ಎತ್ತಿಟ್ಟಿದ್ದೀವಿ" ಅನ್ನುವಂಥದ್ದು ಗೆಲ್ಲುತ್ತದೆ. ಯಾರೋ ಮನುಷ್ಯರು ಕೂತು ಬರೆದ ಹಾಗೆ ಕಂಡಷ್ಟೂ ಬೆರಳು ಬೇಗ ಹೋಗುತ್ತದೆ.

ಹಾಗಾಗಿ ಫೋನನ್ನೂ ಜನರನ್ನೂ ಹೇಗೆ ಸರಿದೂಗಿಸುವುದು ಅಂತ ಯಾರಾದರೂ ಕೇಳಿದರೆ ನಾನು ಗಂಟೆ ಲೆಕ್ಕದಿಂದ ಶುರು ಮಾಡುವುದಿಲ್ಲ. 2018ರಿಂದ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಸ್ಕ್ರೀನ್ ಟೈಮ್ ಲೆಕ್ಕ ಸಿಗುತ್ತದೆ. ಯಾವ ಆಪ್‌ನಲ್ಲಿ ಎಷ್ಟು ಹೊತ್ತು ಇದ್ದಿರಿ ಅಂತ ಹೇಳುತ್ತದೆ. ಆ ಹೊತ್ತಲ್ಲಿ ಆ ಕಡೆ ಯಾರಿದ್ದರು ಅಂತ ಹೇಳುವುದಿಲ್ಲ. ಒಂದು ಗಂಟೆ ದೂರದ ತಂಗಿಯ ಜೊತೆ ಹರಟಿದರೂ ಅದು ಒಂದು ಗಂಟೆ. ಯಾರೋ ಇಬ್ಬರು ಕಿತ್ತಾಡುವುದನ್ನು ಓದುತ್ತಾ ಕೂತರೂ ಒಂದು ಗಂಟೆ. ನನ್ನ ಅಳತೆ ಬೇರೆ. ಇದನ್ನು ಕಳಿಸಿದ್ದು ಮನುಷ್ಯರಾ, ಯಂತ್ರವಾ? ಮನುಷ್ಯರೇ ಆದರೆ, ನನಗೇ ಅಂತ ಕಳಿಸಿದ್ದಾ, ಎಲ್ಲರಿಗೂ ಹಂಚಿದ್ದಾ? ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟಿದ್ದು.

ಮೊದಲು ಜರಡಿ ಹಿಡಿಯಿರಿ

ಒಂದೇ ಸಲಕ್ಕೆ ಸೆಟ್ಟಿಂಗ್ಸ್ ತೆರೆದು ಎಲ್ಲವನ್ನೂ ಆಫ್ ಮಾಡಲು ಹೋಗಬೇಡಿ. ಪಟ್ಟಿ ಉದ್ದ ಇರುತ್ತದೆ, ಅರ್ಧಕ್ಕೇ ಬೇಜಾರಾಗುತ್ತದೆ. ಅದರ ಬದಲು ಒಂದು ವಾರ, ಯಾವುದು ಬಂತೋ ಅದನ್ನು ಬಂದಾಗಲೇ ವಿಚಾರಿಸಿಕೊಳ್ಳಿ. ಆಂಡ್ರಾಯ್ಡ್‌ನಲ್ಲಾದರೆ ಆ ನೋಟಿಫಿಕೇಶನ್ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ, ನಿಲ್ಲಿಸುವ ಆಯ್ಕೆ ಅಲ್ಲೇ ಬರುತ್ತದೆ. ಐಫೋನ್‌ನಲ್ಲಾದರೆ ಎಡಕ್ಕೆ ಸರಿಸಿ 'ಆಪ್ಶನ್ಸ್' ಒತ್ತಿ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಒಂದೇ ಆಪ್‌ನೊಳಗಿನ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿರುತ್ತಾರೆ. ಮೆಸೇಜ್ ಒಂದು, ಪ್ರಚಾರ ಒಂದು, 'ನಿಮಗೆ ಇಷ್ಟವಾಗಬಹುದು' ಇನ್ನೊಂದು. ಮೆಸೇಜ್ ಉಳಿಸಿಕೊಂಡು ಮಿಕ್ಕದ್ದನ್ನು ಮಾತ್ರ ನಿಲ್ಲಿಸಬಹುದು. ಇಡೀ ಆಪನ್ನು ಬಾಯಿ ಮುಚ್ಚಿಸಬೇಕಿಲ್ಲ.

ಬ್ಯಾಂಕಿನದು, ಓಟಿಪಿ, ಡಾಕ್ಟರ್ ಅಪಾಯಿಂಟ್‌ಮೆಂಟ್ ಇವೆಲ್ಲ ಯಂತ್ರದ್ದೇ. ಆದರೂ ಇರಲಿ, ಅವು ಕೆಲಸದವು.

ಮೋಸ ಹೋಗುವುದು ನಡುವಿನ ಜಾತಿಯಲ್ಲಿ. "ನಿಮ್ಮ ಗೆಳತಿ ತುಂಬಾ ದಿನದ ಮೇಲೆ ಒಂದು ಫೋಟೋ ಹಾಕಿದ್ದಾಳೆ." ಹೆಸರು ಅವಳದು, ಮುಖ ಅವಳದು. ಆದರೆ ಇದನ್ನು ಕಳಿಸಿದ್ದು ಅವಳಲ್ಲ. ಅವಳು ಫೋಟೋ ಹಾಕಿ ತನ್ನ ಪಾಡಿಗೆ ಮಲಗಿದ್ದಾಳೆ. ನೀವು ಆಪ್ ಬಿಟ್ಟು ಹೋಗುತ್ತಿದ್ದೀರಿ ಅಂತ ಗೊತ್ತಾದ ಕೂಡಲೇ ನಿಮ್ಮನ್ನು ವಾಪಸ್ ಕರೆಯಲು ಯಾರ ಹೆಸರು ಕೆಲಸಕ್ಕೆ ಬರುತ್ತದೆ ಅಂತ ಹುಡುಕಿ ತೆಗೆದದ್ದು ಯಂತ್ರ. "ಇವರು ನಿಮಗೆ ಗೊತ್ತಿರಬಹುದು", "ನಿಮ್ಮ ಪೋಸ್ಟ್ ಜನರ ಗಮನ ಸೆಳೀತಿದೆ" ಎಲ್ಲ ಇದೇ ಬಗೆ. ಸಹೋದ್ಯೋಗಿಗಳು ನನ್ನ ಮೇಲೆ ಸಿಟ್ಟಾಗಬಹುದು, ಆದರೂ ಹೇಳುತ್ತೇನೆ: ಇವನ್ನು ನಿಲ್ಲಿಸಿದರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಗೆಳತಿಯ ವಿಷಯ ಬೇಕಿದ್ದರೆ ಅವಳನ್ನೇ ಕೇಳಬಹುದು.

ಒಂದು ವಾರ ಕಳೆದ ಮೇಲೆ ಫೋನ್ ಸದ್ದು ಮಾಡಿದರೆ ಯಾರೋ ಇದ್ದಾರೆ, ಇಲ್ಲವೇ ಕೆಲಸದ್ದೇನೋ ಬಂದಿದೆ ಅಂತಲೇ ಅರ್ಥ. ಆಮೇಲೆ ಫೋನಿನ ಸದ್ದಿಗೆ ತಿರುಗಿ ನೋಡುವುದಕ್ಕೆ ನಾಚಿಕೆ ಪಡಬೇಕಾಗಿಲ್ಲ.

ಗ್ರೂಪ್‌ಗಳ ಕಥೆ

ವಾಟ್ಸಾಪ್ ಗ್ರೂಪ್‌ಗಳಲ್ಲಿ ಬರೆಯುವವರು ಮನುಷ್ಯರೇ. ಆದರೆ ಮುಕ್ಕಾಲು ಪಾಲು ನಿಮಗೇ ಅಂತ ಬರೆದದ್ದಲ್ಲ. ಗ್ರೂಪ್ ಇರಲಿ, ಸದ್ದು ಬೇಡ. ಮ್ಯೂಟ್ ಒತ್ತಿದಾಗ ಎಂಟು ಗಂಟೆ, ಒಂದು ವಾರ, ಯಾವಾಗಲೂ ಅಂತ ಮೂರು ಆಯ್ಕೆ ಬರುತ್ತವೆ. ಧೈರ್ಯವಾಗಿ ಮೂರನೆಯದು ಒತ್ತಿ. ಬಿಡಬೇಕು ಅನಿಸಿದ ಗ್ರೂಪನ್ನು ಬಿಟ್ಟುಬಿಡಿ. 2022ರಿಂದ ನೀವು ಹೊರಗೆ ಹೋದಾಗ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ, ಎಲ್ಲರ ಮುಂದೆ ಡಂಗುರ ಹೊಡೆಯುವುದಿಲ್ಲ.

ಯಾವ ಗ್ರೂಪ್ ಇಟ್ಟುಕೊಳ್ಳಬೇಕು? ಆ ಗ್ರೂಪ್‌ನಿಂದಾಗಿ ಯಾರಾದರೂ ಯಾರನ್ನಾದರೂ ಭೇಟಿ ಆಗಿದ್ದಾರಾ ಅಂತ ನೋಡಿ. ಆಸ್ಪತ್ರೆಗೆ ಜೊತೆಗೆ ಹೋದದ್ದು, ಮನೆ ಬದಲಾಯಿಸುವಾಗ ಕೈ ಕೊಟ್ಟದ್ದು, ಸುಮ್ನೆ ಒಂದು ಸಂಜೆ ಸೇರಿದ್ದು. ಅಂಥದ್ದೊಂದು ನೆನಪಾದರೆ ಗ್ರೂಪ್ ಜೀವಂತ ಇದೆ.

ಇನ್ನು ಬೆಳಗಾದರೆ ಬರುವ ಗುಡ್ ಮಾರ್ನಿಂಗ್ ಚಿತ್ರಗಳು. ಎಲ್ಲರೂ ಅವನ್ನು ಆಡಿಕೊಂಡು ನಗುತ್ತಾರೆ, ನಾನು ನಗುವುದಿಲ್ಲ. ನಮ್ಮ ಚಿಕ್ಕಮ್ಮ ದಿನಾ ಒಂದು ಹೂವಿನ ಚಿತ್ರ ಕಳಿಸುತ್ತಾರೆ. ಆ ಚಿತ್ರ ಎಲ್ಲಿಂದಲೋ ಬಂದದ್ದು ನಿಜ, ಆದರೆ ಬೆಳಗ್ಗೆ ಎದ್ದು ನನ್ನ ಹೆಸರು ಹುಡುಕಿ ಒತ್ತಿದ ಬೆರಳು ಅವರದೇ. ಅದು ಹಾಜರಿ. 'ಇದ್ದೀನಿ, ನೀನಿದ್ದೀಯಾ' ಅಂತ. ಕೈ ಮುಗಿದ ಇಮೋಜಿ ಹಾಕಿದರೆ ಅಲ್ಲಿಗೆ ಮುಗಿಯಿತು. ಅದರ ಬದಲು ಅವರೊಬ್ಬರೇ ಉತ್ತರ ಕೊಡಬಲ್ಲ ಒಂದು ಪ್ರಶ್ನೆ ಹಾಕಿ. "ಚಿಕ್ಕಮ್ಮ, ಮೆಟ್ಟಿಲು ಹತ್ತೋಕೆ ಆಗ್ತಿದೆಯಾ ಈಗ?" ನಾನು ಹೀಗೆ ಕೇಳಿದ ದಿನ ಹೂವಿನ ಹಿಂದೆಯೇ ಉದ್ದದ ವಾಯ್ಸ್ ಮೆಸೇಜ್ ಬಂತು. ಮಂಡಿ ನೋವು, ಡಾಕ್ಟರ್ ಹೇಳಿದ ವ್ಯಾಯಾಮ, ಎದುರು ಮನೆಯವರ ಜೊತೆ ಆದ ಮಾತು, ಎಲ್ಲ ಅದರಲ್ಲಿತ್ತು.

ಬರೆಯುವುದಕ್ಕಿಂತ ಮಾತಾಡಿ

ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳೆಯ ಸ್ನೇಹಿತರನ್ನು ಮತ್ತೆ ಸಂಪರ್ಕಿಸಿ ಅಂತ ಜನಕ್ಕೆ ಹೇಳಿದರು. ಕೆಲವರು ಇಮೇಲ್ ಬರೆಯಬೇಕು, ಕೆಲವರು ಫೋನ್ ಮಾಡಬೇಕು. ಫೋನ್ ಮಾಡಿದರೆ ಮುಜುಗರ ಆಗುತ್ತದೆ ಅಂತ ಜನ ಮೊದಲೇ ಅಂದುಕೊಂಡಿದ್ದರು. ಮಾಡಿದ ಮೇಲೆ ನೋಡಿದರೆ ಮುಜುಗರ ಇಮೇಲ್‌ಗಿಂತ ಹೆಚ್ಚೇನೂ ಇರಲಿಲ್ಲ, ಹತ್ತಿರವಾದ ಭಾವನೆ ಮಾತ್ರ ಹೆಚ್ಚಿತ್ತು. ಅಪರಿಚಿತರ ನಡುವೆ ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ಬರೀ ದನಿಗೂ ವಿಡಿಯೋಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡುವುದು ದನಿ. ತಲೆ ಬಾಚಿಕೊಂಡು ವಿಡಿಯೋ ಕಾಲ್‌ಗೆ ಕೂರಬೇಕು ಅಂತೇನಿಲ್ಲ.

ಹಾಗಾದರೆ ಯಾಕೆ ಫೋನ್ ಮಾಡುವುದಿಲ್ಲ? ಈಗೀಗ ಹೇಳದೆ ಫೋನ್ ಮಾಡಿದರೆ ಎತ್ತುವವರ ಎದೆ ಧಸಕ್ ಅನ್ನುತ್ತದೆ, ಯಾರಿಗೆ ಏನಾಯಿತೋ ಅಂತ. ಅದಕ್ಕೊಂದು ಸಾಲು ಮೊದಲು ಕಳಿಸಿ: "ಹತ್ತು ನಿಮಿಷ ಮಾತಾಡೋಣ್ವಾ? ಅರ್ಜೆಂಟ್ ಏನಿಲ್ಲ, ಸುಮ್ನೆ." 'ಅರ್ಜೆಂಟ್ ಏನಿಲ್ಲ' ಅನ್ನುವುದನ್ನು ಮರೆಯಬೇಡಿ. ಹತ್ತು ನಿಮಿಷ ಅಂತ ಹೇಳಿದ್ದೂ ಮುಖ್ಯ. ಕೊನೆ ಇದೆ ಅಂತ ಗೊತ್ತಿದ್ದರೆ ಜನ ಶುರು ಮಾಡಲು ಹೆದರುವುದಿಲ್ಲ.

ಕೆಲವರು ಫೋನಿನಲ್ಲಿ ಮಾತೇ ಆಡುವುದಿಲ್ಲ. ನಮ್ಮಪ್ಪ ಹಾಗೆ. "ಹೇಗಿದ್ದೀರಪ್ಪ?" "ಚೆನ್ನಾಗಿದ್ದೀನಿ." "ಮತ್ತೆ?" "ಮತ್ತೇನಿಲ್ಲ. ಇಡ್ಲಾ?" ಮುಗಿಯಿತು. ಅಂಥವರಿಗೆ ಕುಶಲ ಕೇಳಬೇಡಿ, ಕೆಲಸ ಕೇಳಿ. ಒಂದು ಸಲ ನಮ್ಮ ಅಡುಗೆಮನೆ ನಲ್ಲಿ ಸೋರುತ್ತಿತ್ತು. ಪ್ಲಂಬರ್‌ಗೆ ಹೇಳುವ ಮುಂಚೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಕ್ಯಾಮೆರಾ ನಲ್ಲಿಯ ಕಡೆ ತಿರುಗಿಸಿದೆ. "ಹತ್ತಿರ ಹಿಡಿ. ಇನ್ನೂ ಹತ್ತಿರ. ತಿರುಗಿಸು. ಸಾಕು ಸಾಕು, ಮುರಿದುಹಾಕ್ತೀಯ. ವಾಷರ್ ಸವೆದಿದೆ ಅಷ್ಟೇ. ಮೊದಲು ಮೇನ್ ವಾಲ್ವ್ ಬಂದ್ ಮಾಡ್ಕೊಂಡು ಬಾ." ಸ್ಪ್ಯಾನರ್ ಹುಡುಕಿ ತರುವ ಹೊತ್ತಿಗೆ ಅಪ್ಪ ಯಾವ ಕಾಲದಲ್ಲೋ ತಾವು ರಿಪೇರಿ ಮಾಡಿದ ಪಂಪಿನ ಕಥೆ ಶುರು ಮಾಡಿದ್ದರು. ನಲ್ಲಿ ಸರಿಹೋದ ಮೇಲೂ ಫೋನ್ ಇಡಲಿಲ್ಲ. ನನ್ನ ಮುಖ ತೋರಿಸಿದ್ದರೆ ಇಷ್ಟು ಹೊತ್ತು ಖಂಡಿತ ಇರುತ್ತಿರಲಿಲ್ಲ. ಇಬ್ಬರ ಕಣ್ಣೂ ಮೂರನೇ ವಸ್ತುವಿನ ಮೇಲೆ ಇದ್ದರೆ ಮಾತು ತಾನಾಗಿ ಬರುತ್ತದೆ. ಬಟನ್ ಹಾಕುವುದು, ಗಿಡ ಬೇರೆ ಕುಂಡಕ್ಕೆ ಹಾಕುವುದು, ಹಳೇ ಫೋಟೋದಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುವುದು, ಏನಾದರೂ ಆದೀತು.

ವಿಡಿಯೋ ಕಾಲ್ ಬಗ್ಗೆ ಇನ್ನೊಂದು ಮಾತು. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಮೀಟಿಂಗ್‌ಗಳು ಯಾಕೆ ಸುಸ್ತು ಮಾಡುತ್ತವೆ ಅಂತ ಬರೆದಾಗ ಕೊಟ್ಟ ಕಾರಣಗಳಲ್ಲಿ ಒಂದು, ಉದ್ದಕ್ಕೂ ನಮ್ಮ ಮುಖವನ್ನು ನಾವೇ ನೋಡುತ್ತಿರುವುದು. ಝೂಮ್‌ನಲ್ಲಿ 'ಹೈಡ್ ಸೆಲ್ಫ್ ವ್ಯೂ' ಅಂತ ಇದೆ. ಆ ಸೌಲಭ್ಯ ಇಲ್ಲದ ಕಡೆ ನಿಮ್ಮ ಚೌಕದ ಮೇಲೆ ಒಂದು ಚೀಟಿ ಅಂಟಿಸಿ. ತಮಾಷೆ ಅಲ್ಲ, ಕೆಲಸ ಮಾಡುತ್ತದೆ.

ಎದುರಿಗೆ ಜನ ಇದ್ದಾಗ

ಟೇಬಲ್ ಮೇಲೆ ಸುಮ್ಮನೆ ಬಿದ್ದಿರುವ ಫೋನ್ ಕೂಡ ಮಾತುಕತೆ ಕೆಡಿಸುತ್ತದೆ ಅಂತ ಎಲ್ಲೋ ಓದಿರುತ್ತೀರಿ. ಅದರ ಮೂಲ 2012ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪ್ರಕಟಿಸಿದ ಪ್ರಯೋಗ. ಅಪರಿಚಿತರನ್ನು ಜೋಡಿ ಮಾಡಿ ಹತ್ತು ನಿಮಿಷ ಮಾತಿಗೆ ಕೂರಿಸಿದರು. ಕೆಲವರ ಹತ್ತಿರ ಒಂದು ಫೋನ್ ಇತ್ತು, ಕೆಲವರ ಹತ್ತಿರ ಒಂದು ನೋಟ್‌ಬುಕ್. ಫೋನ್ ಇದ್ದ ಜೋಡಿಗಳು ತಮ್ಮ ನಡುವಿನ ಆಪ್ತತೆಗೆ ಕಡಿಮೆ ಅಂಕ ಕೊಟ್ಟರು. ಆಮೇಲೆ ನಡೆದ ಪ್ರಯೋಗಗಳಲ್ಲಿ ಎಲ್ಲ ಸಲವೂ ಅದೇ ಫಲಿತಾಂಶ ಸಿಕ್ಕಿಲ್ಲ. ಹಾಗಾಗಿ ಟೇಬಲ್ ಮೇಲೆ ಫೋನ್ ಇಟ್ಟವರನ್ನೆಲ್ಲ ಬೈಯಬೇಕಿಲ್ಲ. ನನಗೆ ಕಾಣುವ ತೊಂದರೆ ಬೇರೆ ಕಡೆ ಇದೆ.

ಒಬ್ಬರು ಪೇಪರ್ ಓದುತ್ತಿದ್ದರೆ ಪೇಪರ್ ಓದುತ್ತಿದ್ದಾರೆ ಅಂತ ಕಾಣುತ್ತದೆ. ಲೆಕ್ಕ ಬರೆಯುತ್ತಿದ್ದರೆ ಅದೂ ಕಾಣುತ್ತದೆ. ಫೋನಿನಲ್ಲಿ ಮಾತ್ರ ಎಲ್ಲವೂ ಒಂದೇ ಥರ. ಕರೆಂಟ್ ಬಿಲ್ ಕಟ್ಟುತ್ತಿದ್ದರೂ ತಲೆ ಬಗ್ಗಿದೆ, ರೀಲ್ಸ್ ನೋಡುತ್ತಿದ್ದರೂ ತಲೆ ಬಗ್ಗಿದೆ. ಎದುರಿಗಿದ್ದವರಿಗೆ ತಿಳಿಯುವುದು, ತಾನು ಅದಕ್ಕಿಂತ ಮುಖ್ಯ ಅಲ್ಲ ಅನ್ನುವುದು ಮಾತ್ರ. ತಂಗಿಯ ಮಗಳು ಒಮ್ಮೆ ನನ್ನ ಪಕ್ಕ ನಿಂತು ನೇರವಾಗಿ ಕೇಳಿದಳು: "ದೊಡ್ಡಮ್ಮ, ನೀವು ಕೆಲಸ ಮಾಡ್ತಿದ್ದೀರಾ, ಸುಮ್ನೆ ನೋಡ್ತಿದ್ದೀರಾ?" ಎರಡರಲ್ಲಿ ಯಾವುದಾದರೂ ಅವಳಿಗೆ ಬೇಜಾರಿರಲಿಲ್ಲ. ಕಾಯಬೇಕಾ, ಬೇಡವಾ ಅಂತ ತಿಳಿಯಬೇಕಿತ್ತು, ಅಷ್ಟೇ.

ಅದಕ್ಕೆ ನಾನು ಹೇಳುವ ಉಪಾಯ: ಫೋನ್ ಕೈಗೆ ತೆಗೆದುಕೊಳ್ಳುವಾಗ ಏನು ಮಾಡಲು ಹೊರಟಿದ್ದೀರಿ ಅಂತ ಬಾಯಿ ಬಿಟ್ಟು ಹೇಳಿ. "ಆಫೀಸಿಂದ ಕೇಳ್ತಿದ್ದಾರೆ, ಒಂದು ಉತ್ತರ ಕೊಟ್ಟು ಬಂದೆ." "ನಾಳೆ ಮಳೆ ಇದೆಯಾ ನೋಡ್ತೀನಿ." ಕೇಳಲು ಚಿಕ್ಕದು. ಆದರೆ ಎದುರಿಗಿದ್ದವರಿಗೆ ಬಾಗಿಲು ಮುಚ್ಚಿದ ಹಾಗೆ ಅನಿಸುವುದಿಲ್ಲ. ಜೊತೆಗೆ ನಿಮಗೂ ಒಂದು ಲಾಭ ಇದೆ. ಮಳೆ ನೋಡುತ್ತೇನೆ ಅಂತ ಹೇಳಿದ ಮೇಲೆ ಕಾಲು ಗಂಟೆ ತಲೆ ಎತ್ತದಿದ್ದರೆ "ಏನು, ಪ್ರಳಯ ಅಂತಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಗಟ್ಟಿಯಾಗಿ ಹೇಳಲು ನಾಲಿಗೆ ಬಾರದಿದ್ದರೆ, ಆ ಹೊತ್ತಿಗೆ ಫೋನ್ ಬೇಕಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ.

ಮಾತಿನ ನಡುವೆ ಗೂಗಲ್ ಮಾಡುವುದನ್ನೂ ಸ್ವಲ್ಪ ಹಿಡಿತದಲ್ಲಿಡಿ. ಆ ಸಿನಿಮಾ ಬಂದದ್ದು ಯಾವ ವರ್ಷ ಅಂತ ನಾಲ್ಕು ಜನ ವಾದ ಮಾಡುತ್ತಿರುವಾಗ ಒಬ್ಬರು ಫೋನ್ ತೆಗೆದು ಉತ್ತರ ಹೇಳಿಬಿಟ್ಟರೆ ವಾದ ಸತ್ತಿತು. ವರ್ಷ ಯಾರಿಗೆ ಬೇಕಿತ್ತು? "ನಾನಾಗ ಏಳನೇ ಕ್ಲಾಸು, ಹಾಗಾಗಿ..." ಅಂತ ಶುರುವಾಗುತ್ತದಲ್ಲ, ಅದು ಬೇಕಿತ್ತು. ಉತ್ತರ ಕೊನೆಗೆ ನೋಡಿದರಾಯಿತು.

ಮಲಗುವ ಕೋಣೆಯಿಂದ ಚಾರ್ಜರ್ ಹೊರಗೆ ಹಾಕಿ, ಅಲಾರಾಂಗೆ ಬೇರೆ ಗಡಿಯಾರ ತನ್ನಿ. ಇದನ್ನು ಎಲ್ಲರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಮುಂದಕ್ಕೆ ಹೋಗೋಣ.

ಕೊನೆಯಿಲ್ಲದ್ದಕ್ಕೆ ಕೊನೆ ಹಾಕುವುದು

ಎಷ್ಟು ಸರಿಸಿದರೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದವರು ಏಜಾ ರಾಸ್ಕಿನ್. ಆಮೇಲೆ ಅವರೇ ಅದರ ಬಗ್ಗೆ ಪಶ್ಚಾತ್ತಾಪ ಹೇಳಿಕೊಂಡಿದ್ದಾರೆ. ಮೊದಲೆಲ್ಲ ಪುಟದ ಕೆಳಗೆ 'ಮುಂದಿನ ಪುಟ' ಅಂತ ಇರುತ್ತಿತ್ತು. ಅಲ್ಲಿ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು, ಎದ್ದು ಹೋಗೋಣ ಅಂತ ನೆನಪಾಗಲು ಅಷ್ಟು ಸಾಕಿತ್ತು. ಆ ನಿಲುಗಡೆಯನ್ನು ನೀವೇ ವಾಪಸ್ ತರಬಹುದು. ಯೂಟ್ಯೂಬ್‌ನಲ್ಲಿ ಆಟೋಪ್ಲೇ ಆಫ್ ಮಾಡಿ. ಅದರ ವಾಚ್ ಹಿಸ್ಟರಿಯನ್ನೂ ಅಳಿಸಿ ನಿಲ್ಲಿಸಿದರೆ, 2023ರಿಂದ, ಮೊದಲ ಪುಟದಲ್ಲಿ ಶಿಫಾರಸುಗಳೇ ಬರುವುದಿಲ್ಲ. ಖಾಲಿ ಪುಟ, ಮೇಲೆ ಹುಡುಕುವ ಜಾಗ. ಏನು ಬೇಕೋ ಅದನ್ನು ಟೈಪ್ ಮಾಡಿ ನೋಡಿ, ಹೊರಡಿ. ಮೊದಲ ಸಲ ನೋಡಿದಾಗ ಅಂಗಡಿ ಖಾಲಿ ಮಾಡಿ ಹೋದ ಹಾಗೆ ಇರುತ್ತದೆ.

ಆದರೆ ಒಂದು ಎಚ್ಚರಿಕೆ. ಈ ಎಲ್ಲ ಕಡಿತ ಎಲ್ಲರಿಗೂ ಅಲ್ಲ. ಹಾಸಿಗೆ ಬಿಟ್ಟು ಏಳಲಾಗದವರು, ಕಿವಿ ಕೇಳದವರು, ಹೊಸ ಜಾಗಕ್ಕೆ ಬಂದು ಯಾರ ಪರಿಚಯವೂ ಇಲ್ಲದವರು ಇರುತ್ತಾರೆ. ಜಗತ್ತಿನಲ್ಲಿ ಪ್ರತಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಅಂಥವರಿಗೆ ಆನ್‌ಲೈನ್ ಸ್ನೇಹಿತರೇ ನಿಜವಾದ ಸ್ನೇಹಿತರು. ಅವರ ಕೈಯಿಂದ ಫೋನ್ ಕಿತ್ತು ಉಪದೇಶ ಕೊಡಬೇಡಿ.

ಸಿಗೋಣ ಅಂದದ್ದನ್ನು ಸಿಗುವ ಹಾಗೆ ಮಾಡುವುದು

ಉಳಿಸಿದ ಹೊತ್ತನ್ನು ಏನಾದರೂ ಮಾಡಬೇಕಲ್ಲ. ಇಲ್ಲದಿದ್ದರೆ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಮನುಷ್ಯ ಸುಮಾರು 150 ಜನರ ಜೊತೆ ಸಂಬಂಧ ಇಟ್ಟುಕೊಳ್ಳಬಲ್ಲ ಅಂತ ರಾಬಿನ್ ಡನ್‌ಬಾರ್ ಅನ್ನುವ ಬ್ರಿಟಿಷ್ ವಿಜ್ಞಾನಿ ಅಂದಾಜು ಮಾಡಿದರು. ಅದರೊಳಗೆ ತೀರಾ ಹತ್ತಿರದವರು ಐದು ಜನರ ಆಸುಪಾಸು. 150 ಅನ್ನುವ ಅಂಕಿಯ ಬಗ್ಗೆ ತಕರಾರುಗಳಿವೆ, ಐದು ಮಾತ್ರ ನನಗೆ ಅನುಕೂಲ. ನಿಮ್ಮ ಐದು ಜನ ಯಾರು ಅಂತ ಬರೆದುಕೊಳ್ಳಿ. ಹೆಂಡತಿ, ಗಂಡ, ಒಂದೇ ಮನೆಯಲ್ಲಿರುವವರನ್ನೂ ಸೇರಿಸಿ. ಅವರನ್ನು ಬಿಟ್ಟುಬಿಡುವುದು ಸುಲಭ.

ಇಲ್ಲಿ ಯಂತ್ರವನ್ನು ಚೆನ್ನಾಗಿ ದುಡಿಸಿಕೊಳ್ಳಿ. ಕಾಂಟ್ಯಾಕ್ಟ್‌ನಲ್ಲಿ ಹೆಸರಿನ ಕೆಳಗೆ ನೋಟ್ಸ್ ಬರೆಯುವ ಜಾಗ ಇರುತ್ತದೆ. ಅವರು ಹೇಳಿದ್ದನ್ನು ಅಲ್ಲಿ ಬರೆದಿಡಿ: ಮಗಳ ಪರೀಕ್ಷೆ ಯಾವಾಗ, ಯಾವ ಮಾತ್ರೆ ಒಗ್ಗಲಿಲ್ಲ, ಯಾವ ಜಮೀನಿನ ಕೇಸ್ ನಡೀತಿದೆ. ಕ್ಯಾಲೆಂಡರ್‌ನಲ್ಲಿ ರಿಮೈಂಡರ್ ಹಾಕಿ. ನನ್ನದರಲ್ಲಿ "ಚಿಕ್ಕಪ್ಪನ ಕಣ್ಣಿನ ಆಪರೇಷನ್ ಆಗಿ ಮೂರು ದಿನ, ಕೇಳು" ಅಂತ ಬರುತ್ತದೆ. ಕೃತಕ ಅಲ್ವಾ ಇದು ಅಂತ ಒಬ್ಬರು ಕೇಳಿದರು. ಡೈರಿಯಲ್ಲಿ ಬರೆದಿಟ್ಟರೆ ಕೃತಕ ಅನ್ನುತ್ತಿದ್ದಿರಾ? ನೆನಪು ಯಂತ್ರದ್ದು, ಕೇಳುವುದು ನಾನು.

ಏನು ಕೇಳುವುದು, ಇಷ್ಟು ದಿನ ಬಿಟ್ಟು ಈಗ ಮೆಸೇಜ್ ಮಾಡಿದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯುವವರಿಗೆ ಒಂದು ಸಮಾಧಾನ. ಪೆಗಿ ಲಿಯು ಮತ್ತು ಜೊತೆಗಾರರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮ್ನೆ ನೆನಪಾಯಿತು ಅಂತ ಬಂದ ಸಣ್ಣ ಮೆಸೇಜನ್ನು ಪಡೆದವರು ಮೆಚ್ಚಿಕೊಳ್ಳುವುದು ಕಳಿಸಿದವರು ಅಂದುಕೊಂಡದ್ದಕ್ಕಿಂತ ಜಾಸ್ತಿ. ನಿರೀಕ್ಷೆ ಇಲ್ಲದಿದ್ದರೆ ಇನ್ನೂ ಜಾಸ್ತಿ.

'ಒಂದ್ಸಲ ಸಿಗೋಣ' ಅನ್ನುವುದು ಎಂದಿಗೂ ನಡೆಯುವುದಿಲ್ಲ. ಎರಡು ದಿನಾಂಕ ಕೊಟ್ಟು ಒಂದನ್ನು ಆರಿಸಲು ಹೇಳಿ. ಸಿಕ್ಕಾಗ, ಎದ್ದು ಹೊರಡುವ ಮುಂಚೆ ಮುಂದಿನದನ್ನು ಕ್ಯಾಲೆಂಡರ್‌ಗೆ ಹಾಕಿಬಿಡಿ. ಆ ಕೆಲಸಕ್ಕೆ ಇಬ್ಬರೂ ಒಟ್ಟಿಗೆ ಫೋನ್ ತೆಗೆದರೆ ಯಾರ ಅಭ್ಯಂತರವೂ ಇಲ್ಲ.

ಮನೆಯ ಹಿರಿಯರ ಫೋನು

ಈಗ ಮಕ್ಕಳಿಗಿಂತ ಜಾಸ್ತಿ ದೂರು ಕೇಳಿಬರುವುದು ಹಿರಿಯರ ಮೇಲೆ. ನಮ್ಮತ್ತೆ ಮಧ್ಯಾಹ್ನ ಕೂತರೆ ಚಿಕ್ಕ ವಿಡಿಯೋಗಳನ್ನು ಒಂದರ ಹಿಂದೆ ಒಂದು ನೋಡುತ್ತಿರುತ್ತಾರೆ. ಬೈದರೆ ಕೋಣೆಗೆ ಹೋಗಿ ನೋಡುತ್ತಾರೆ. ನಾನು ಮಾಡುವುದು ಇಷ್ಟು: ಪಕ್ಕ ಹೋಗಿ ಕೂರುತ್ತೇನೆ. "ಅತ್ತೆ, ಇವತ್ತು ನೋಡಿದ್ರಲ್ಲಿ ಚೆನ್ನಾಗಿದ್ದಿದ್ದು ಯಾವ್ದು, ತೋರ್ಸಿ." ಅವರು ಹಿಂದಕ್ಕೆ ಹುಡುಕುತ್ತಾರೆ, ಸಿಗುವುದಿಲ್ಲ. "ಅದೇ ಕಣೇ, ಒಬ್ಬಳು ಬಾವಿ ಹತ್ರ ನಿಂತಿರ್ತಾಳೆ..." ಅಂತ ಬಾಯಲ್ಲೇ ಹೇಳಲು ಶುರು ಮಾಡುತ್ತಾರೆ. ಅಲ್ಲಿಂದ ಅವರ ತವರಿನ ಬಾವಿಗೆ ಹೋಗುತ್ತೇವೆ. ಫೋನ್ ಮಡಿಲಲ್ಲಿ ತನ್ನಷ್ಟಕ್ಕೆ ಆರುತ್ತದೆ.

ದೂರದಲ್ಲಿರುವ ಹಿರಿಯರಾದರೆ, ಮುಂದಿನ ಸಲ ಹೋದಾಗ ಅವರ ಫೋನ್ ಇಸಿದುಕೊಂಡು ಅಕ್ಷರ ದೊಡ್ಡದು ಮಾಡಿ, ರಿಂಗ್ ಜೋರು ಮಾಡಿ. ಹೋಮ್ ಸ್ಕ್ರೀನ್ ಮೇಲೆ ಕಾಂಟ್ಯಾಕ್ಟ್ಸ್ ವಿಜೆಟ್‌ನಿಂದ ನಾಲ್ಕೈದು ಜನರ ಮುಖ ಹಾಕಿಕೊಡಿ, ಒತ್ತಿದರೆ ಕಾಲ್ ಹೋಗುವ ಹಾಗೆ. ವಿಡಿಯೋ ಆಪ್‌ನ ಐಕಾನನ್ನು ಎರಡನೇ ಪುಟಕ್ಕೆ ಸರಿಸಿ, ಆದರೆ ಅವರಿಗೆ ಹೇಳಿಯೇ ಸರಿಸಿ. ಆಮೇಲೆ ಅವರ ಕೈಯಿಂದಲೇ ಒಂದೊಂದು ಮುಖ ಒತ್ತಿಸಿ ನೋಡಿ. ಮೊದಲು ನಿಮ್ಮದು, ಆಮೇಲೆ ಅವರ ತಂಗಿಯದು. ಆ ಕಡೆ ಫೋನ್ ಎತ್ತಿದರೆ ಅವರು ಮಾತಾಡಿಕೊಳ್ಳಲಿ, ನೀವು ಉಳಿದ ಸೆಟ್ಟಿಂಗ್ ನಾಳೆ ಮಾಡಿ.